ಉಪಕರಣದ ಋಣ

ಮನುಷ್ಯನು ಮಾಡಿದ ಕೆಲಸದಲ್ಲಿ ಅವನ ಪಾಲೆಷ್ಟು, ಉಪಕರಣದ ಪಾಲೆಷ್ಟು ಎಂಬ ಪ್ರಶ್ನೆಯು ಹೊಸದಲ್ಲ. ಬಡಗಿಗೆ ಉಳಿಯೂ ವೈಣಿಕನಿಗೆ ವೀಣೆಯೂ ಅಭ್ಯಾಸಬಲದಿಂದ ಕೈಯ ಮುಂದುವರಿಕೆಯೇ ಆಗಿಬಿಡುತ್ತವೆ. ಆದರೆ ಉಳಿಯು ಮುರಿದರೆ ಹಿಂದೆ ಕೆತ್ತಿದ ತೊಟ್ಟಿಲು ಮುರಿಯುವುದಿಲ್ಲ. ವೀಣೆಯನ್ನು ಬದಲಿಸಿದರೆ ಕಲಿತ ಕೀರ್ತನೆಯು ಮರೆತುಹೋಗುವುದಿಲ್ಲ. ಉಪಕರಣವನ್ನು ಬಿಟ್ಟೊಡನೆ ಮಾಡಿಟ್ಟ ಕೃತಿಯೂ ಕೈತಪ್ಪಿಹೋಗುವ ವಿಚಿತ್ರವನ್ನು ಕಾಣಬೇಕಾದರೆ, ಮನೆಯಲ್ಲಿಯೇ ಗಣಕಯಂತ್ರದಿಂದ ಸಂಗೀತವನ್ನು ಮುದ್ರಿಸಿಕೊಳ್ಳುವವರು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟುವಾಗ ಪಡುವ ಪಾಡನ್ನು ನೋಡಬೇಕು.

ಅಂಥ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಹಗಲೆಲ್ಲ ಉದ್ಯೋಗ, ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಮೈಕು, ಒಂದು ಕೀಬೋರ್ಡು, ಒಂದು ಗಣಕಯಂತ್ರ. ಹತ್ತು ವರ್ಷಗಳಲ್ಲಿ ಅವನು ನಲವತ್ತು ಐವತ್ತು ಹಾಡುಗಳನ್ನು ಮುದ್ರಿಸಿದ್ದಾನೆ. ಅವುಗಳಲ್ಲೊಂದು ಅವನ ತಾಯಿಯು ಹಾಡಿದ್ದು, ಆಕೆ ಈಗಿಲ್ಲ. ಅವನ ಯಂತ್ರದಲ್ಲಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ತಯಾರಕರ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಯು ಬೇಡುವ ಯೋಗ್ಯತೆಯು ಆ ಹಳೆಯ ಯಂತ್ರಕ್ಕಿಲ್ಲ. ಹೊಸ ಯಂತ್ರವನ್ನು ಕೊಳ್ಳಲಾರದೆ ಅವನು ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಆಶ್ರಯಿಸುತ್ತಾನೆ.

ಅಲ್ಲಿ ಅವನಿಗೆ ಎದುರಾಗುವ ಮೊದಲನೆಯ ತೊಡಕು ಕಾಲದ್ದು. ಧ್ವನಿಯನ್ನು ಯಂತ್ರವು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು ಕಂತುಕಂತಾಗಿ ಸಾಗಿಸುತ್ತದೆ. ಕಂತು 256 ಅಳತೆಗಳದಾದರೆ ಸುಮಾರು 6 ಮಿಲಿಸೆಕೆಂಡು ತಡ. ಶಬ್ದವು ಗಾಳಿಯಲ್ಲಿ ಎರಡು ಮೀಟರು ಸಾಗುವಷ್ಟು ಹೊತ್ತು. ಅದನ್ನು ಗಾಯಕನ ಕಿವಿಯು ಸಹಿಸಿಕೊಳ್ಳುತ್ತದೆ. ಹೊಸ ವ್ಯವಸ್ಥೆಯೊಡನೆ ಹಳೆಯ ಸಲಕರಣೆಯು ಸರಿಯಾಗಿ ಹೊಂದದೆ ಕಂತನ್ನು 1,024ಕ್ಕೆ ಏರಿಸಬೇಕಾಗಿ ಬಂದರೆ ತಡವು 23 ಮಿಲಿಸೆಕೆಂಡಾಗುತ್ತದೆ. ಎಂಟು ಮೀಟರು ದೂರದಲ್ಲಿ ನಿಂತವನ ದನಿಯಂತೆ ತನ್ನ ದನಿಯೇ ತನಗೆ ಕೇಳಿಬರುತ್ತದೆ. ತಾಳವು ತಪ್ಪುತ್ತದೆ. ಕಾರಣವನ್ನು ತಿಳಿಯದವನು ತನ್ನ ಲಯಜ್ಞಾನವನ್ನೇ ಶಂಕಿಸಲು ತೊಡಗುತ್ತಾನೆ. ಯಂತ್ರದ ದೋಷವು ಮನುಷ್ಯನ ಆತ್ಮವಿಶ್ವಾಸದ ಲೆಕ್ಕಕ್ಕೆ ಖರ್ಚು ಬೀಳುವುದು ಹೀಗೆ.

ಎರಡನೆಯ ತೊಡಕು ಇದಕ್ಕಿಂತ ಕಠಿಣವಾದುದು. ತಾಯಿಯ ಹಾಡನ್ನು ಜೋಡಿಸಿದ್ದ ತಂತ್ರಾಂಶಕ್ಕೆ ಲಿನಕ್ಸಿನ ಆವೃತ್ತಿಯಿಲ್ಲ. ಆ ದನಿಗೆ ದೇವಾಲಯದ ಮಂಟಪದ ಗುಂಗನ್ನು ಕೊಟ್ಟಿದ್ದ ಪ್ಲಗಿನ್ ಎಂಬ ಉಪತಂತ್ರಾಂಶವೂ ವಿಂಡೋಸಿಗೆಂದೇ ಬರೆದದ್ದು. ತಂಬೂರಿಯ ಶ್ರುತಿಯನ್ನು ತುಸು ತಗ್ಗಿಸಬೇಕೆಂದರೆ ಹಾಡನ್ನು ತೆರೆಯಲು ದಾರಿಯೇ ಇಲ್ಲ. ಹಳೆಯ ವ್ಯವಸ್ಥೆಯನ್ನು ಜಾಲದ ಸಂಪರ್ಕವಿಲ್ಲದೆ ಹಾಗೆಯೇ ಉಳಿಸಿಕೊಳ್ಳಬಹುದೆಂಬುದು ನಿಜ; ಆದರೆ ಯಂತ್ರಕ್ಕೂ ಆಯುಸ್ಸುಂಟು. ಪ್ರಶ್ನೆಯು ಮುಂದಕ್ಕೆ ಹೋಗುವುದೇ ಹೊರತು ಬಗೆಹರಿಯುವುದಿಲ್ಲ.

ಇಂಥವನಿಗೆ ಇಬ್ಬರು ಎರಡು ಬಗೆಯ ಬುದ್ಧಿ ಹೇಳುತ್ತಾರೆ. ವೈರಾಗ್ಯವಾದಿಯು, "ಕಲೆಯಿರುವುದು ಮನುಷ್ಯನಲ್ಲಿ, ಉಪಕರಣದಲ್ಲಲ್ಲ, ಹಳೆಯದನ್ನು ಬಿಡು, ಹೊಸದನ್ನು ಹಾಡು" ಎನ್ನುತ್ತಾನೆ. ಮಾತು ಉದಾತ್ತವಾದುದೇ. ಆದರೆ ತಾನಾಗಿ ಬಿಟ್ಟದ್ದು ತ್ಯಾಗ. ಇನ್ನೊಬ್ಬನು ಬಿಡಿಸಿದ್ದು ನಷ್ಟ. ಪರರ ನಷ್ಟಕ್ಕೆ ತ್ಯಾಗವೆಂದು ಹೆಸರಿಡುವುದು ಸುಲಭವಾದ ವೇದಾಂತ. ವ್ಯವಹಾರಸ್ಥನು, "ನೀನು ಕೊಂಡದ್ದು ಬಳಸುವ ಅನುಮತಿಯನ್ನು ಮಾತ್ರ, ಕರಾರನ್ನು ಓದಿಕೊಳ್ಳಬೇಕಾಗಿತ್ತು" ಎನ್ನುತ್ತಾನೆ.

ಈ ಎರಡನೆಯ ಮಾತನ್ನು ಒರೆಗೆ ಹಚ್ಚಲು 2002ರ ಒಂದು ಸಂಗತಿಯು ಸಾಕು. ಜರ್ಮನಿಯ ಇಮ್ಯಾಜಿಕ್ ಸಂಸ್ಥೆಯ ಲಾಜಿಕ್ ಎಂಬ ಸಂಗೀತ ತಂತ್ರಾಂಶವು ಆಗ ವಿಂಡೋಸ್, ಮ್ಯಾಕ್ ಎರಡರಲ್ಲಿಯೂ ನಡೆಯುತ್ತಿತ್ತು. ಆ ವರ್ಷದ ಜುಲೈಯಲ್ಲಿ ಅಮೆರಿಕದ ಆ್ಯಪಲ್ ಸಂಸ್ಥೆಯು ಇಮ್ಯಾಜಿಕನ್ನು ಕೊಂಡುಕೊಂಡು, ವಿಂಡೋಸಿನ ಆವೃತ್ತಿಗಳು ಸೆಪ್ಟೆಂಬರ್ 30ಕ್ಕೆ ನಿಂತುಹೋಗುವುವೆಂದು ಸಾರಿತು. ಆದಾಯದ ಶೇಕಡ 65ಕ್ಕೂ ಮಿಗಿಲಾದ ಭಾಗವು ಮ್ಯಾಕಿನಿಂದಲೇ ಬರುತ್ತಿದೆಯೆಂದೂ ಪ್ರಕಟಣೆಯು ಹೇಳಿತು. ಲೆಕ್ಕವು ಸರಿ, ಕರಾರೂ ಮುರಿಯಲಿಲ್ಲ. ಆದರೆ ಉಳಿದ ಮೂರನೆಯ ಒಂದು ಪಾಲಿನವರು ವರ್ಷಗಟ್ಟಲೆ ಅಲ್ಲಿಯೇ ಕೆಲಸಮಾಡಿದ್ದರು. ಕೃತಿಗಳನ್ನು ಅದೇ ತಂತ್ರಾಂಶದಲ್ಲಿ ಉಳಿಸಿಕೊಳ್ಳಬೇಕೆಂದವರು ಹೊಸ ಯಂತ್ರವನ್ನು ಕೊಂಡು, ವಿಂಡೋಸಿನ ಪ್ಲಗಿನ್‌ಗಳನ್ನು ಹಿಂದೆ ಬಿಡಬೇಕಾಯಿತು. ಯಂತ್ರವನ್ನು ಉಳಿಸಿಕೊಂಡು ಬೇರೆ ತಂತ್ರಾಂಶಕ್ಕೆ ಹೋದವರು ಕೃತಿಗಳ ಜೋಡಣೆಯನ್ನೇ ಬಿಡಬೇಕಾಯಿತು. ಕರಾರಿಗೆ ಒಪ್ಪುವುದೆಲ್ಲವೂ ಧರ್ಮಕ್ಕೆ ಒಪ್ಪುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಹಾಗಾದರೆ ತಯಾರಕನ ಋಣವೆಷ್ಟು? ಮಾಡಿದ ಪ್ರತಿಯೊಂದು ಉಪಕರಣವನ್ನೂ ಎಂದೆಂದಿಗೂ ಪೋಷಿಸೆನ್ನುವುದು ಅನ್ಯಾಯ. ಛತ್ರವನ್ನು ಕಟ್ಟಿಸಿದವನು ಅದನ್ನು ಮುಚ್ಚಲೂಬಹುದು. ಆದರೆ ಮುಚ್ಚುವಾಗ ಪಥಿಕರ ಗಂಟುಮೂಟೆಗಳನ್ನು ಒಳಗೇ ಇಟ್ಟು ಬೀಗಹಾಕುವಂತಿಲ್ಲ. ಹೊರಗೆ ಹೋಗುವ ಬಾಗಿಲೊಂದು ಮೊದಲಿನಿಂದಲೂ ತೆರೆದಿರಬೇಕು, ಋಣವಿರುವುದು ಇಷ್ಟೆ. ಇದು ಅಸಾಧ್ಯವಾದ ಬೇಡಿಕೆಯೂ ಅಲ್ಲ. 1983ರಲ್ಲಿ ಅಮೆರಿಕ, ಜಪಾನುಗಳ ವಾದ್ಯತಯಾರಕರು ತಮ್ಮ ಪೈಪೋಟಿಯನ್ನು ಬದಿಗಿಟ್ಟು, ಒಬ್ಬರ ಕೀಬೋರ್ಡು ಇನ್ನೊಬ್ಬರ ವಾದ್ಯವನ್ನು ನುಡಿಸುವಂತೆ ಮಿಡಿ ಎಂಬ ಸಮಾನ ಸಂಕೇತವನ್ನು ಒಪ್ಪಿಕೊಂಡರು. ನಲವತ್ತು ವರ್ಷಗಳು ಕಳೆದರೂ ಅದು ಎಲ್ಲ ವ್ಯವಸ್ಥೆಗಳಲ್ಲಿಯೂ ನಡೆಯುತ್ತಿದೆ. 2023ರಲ್ಲಿ ಬಿಟ್‌ವಿಗ್, ಪ್ರಿಸೋನಸ್ ಸಂಸ್ಥೆಗಳು ಇಡಿಯ ಕೃತಿಯನ್ನೇ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ಡಾಪ್ರಾಜೆಕ್ಟ್ ಎಂಬ ಮುಕ್ತ ಕ್ರಮವನ್ನು ಪ್ರಕಟಿಸಿದುವು. ಮನಸ್ಸಿದ್ದಲ್ಲಿ ಮಾರ್ಗವುಂಟು.

ಬಳಸುವವನಿಗೂ ಒಂದು ಕರ್ತವ್ಯವಿದೆ. ಓಲೆಗರಿಯ ಗ್ರಂಥವು ಉಳಿದುಬಂದುದು ಗರಿಯ ಗಟ್ಟಿತನವೊಂದರಿಂದಲೇ ಅಲ್ಲ. ಹಳೆಯದು ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿಮಾಡಿದವರ ಶ್ರದ್ಧೆಯಿಂದ. ಕೃತಿಯು ಮುಗಿದ ದಿನವೇ ಒಂದೊಂದು ದನಿಯನ್ನೂ ಬೇರೆಬೇರೆಯಾಗಿ, ಎಲ್ಲ ಯಂತ್ರಗಳೂ ಓದಬಲ್ಲ ವೇವ್ ಕಡತಗಳಾಗಿ ತೆಗೆದಿಡುವುದು ಅಂಥ ಶ್ರದ್ಧೆಯ ಇಂದಿನ ರೂಪ. ಸೌಕರ್ಯಕ್ಕೆ ಮರುಳಾಗಿ ಇದನ್ನು ಮುಂದೂಡಿದವನು ನಷ್ಟದಲ್ಲಿ ತನ್ನ ಪಾಲನ್ನೂ ಒಪ್ಪಿಕೊಳ್ಳಬೇಕು.

ಇಷ್ಟಾದರೂ ಕೈಯ ಅಭ್ಯಾಸವೆಂಬುದೊಂದು ಉಳಿಯುತ್ತದೆ. ಅದನ್ನು ಯಾವ ಕಡತದಲ್ಲಿಯೂ ಒಯ್ಯಲಾಗದು. ಹೊಸ ವ್ಯವಸ್ಥೆಯಲ್ಲಿ ಹತ್ತು ವರ್ಷದ ಅನುಭವಿಯೂ ಬೆರಳಿಗೆ ಗುರುತು ಸಿಕ್ಕದೆ ತಡವರಿಸುತ್ತಾನೆ. ಇದನ್ನು ಮಾತ್ರ ಅವನು ತಾಳಿಕೊಳ್ಳಬೇಕು. ವೈರಾಗ್ಯವಾದಿಯ ಮಾತಿಗೆ ನಿಜವಾದ ಸ್ಥಾನವಿರುವುದು ಇಲ್ಲಿ.

ಆ ಗೃಹಸ್ಥನು ಹಳೆಯ ಕಡತಗಳ ನಡುವೆ ಹುಡುಕಿದರೆ, ಯಾವ ಅಲಂಕಾರವೂ ಸೇರದ ತಾಯಿಯ ದನಿಯು ವೇವ್ ರೂಪದಲ್ಲಿ ದೊರೆತರೂ ದೊರೆಯಬಹುದು. ಮಂಟಪದ ಗುಂಗು ಅದರಲ್ಲಿರುವುದಿಲ್ಲ. ಅವನು ಮೊದಲಿನಿಂದ ಜೋಡಿಸಬೇಕು, ತಾಳ್ಮೆಯಿಂದ ಜೋಡಿಸಿಯಾನು. ಆದರೆ ಅವನಿಗೆ ಉಳಿದುಬಂದುದು ಅವನ ಪುಣ್ಯದಿಂದ. ಒಬ್ಬನ ಶ್ರಮವು ಉಳಿಯುವುದು ಪುಣ್ಯವಶವಾಗಿರದೆ ನ್ಯಾಯವಶವಾಗಿರಬೇಕೆಂಬುದೇ ಉಪಕರಣಗಳನ್ನು ಮಾಡುವವರು ನೆನಪಿಡಬೇಕಾದ ಮಾತು.