ದಾಟಿಸಿದ ಮಾತಿನ ದೋಷ ಯಾರದು?

ವ್ರತವೆಂದೊಡನೆ ನಮ್ಮ ಲಕ್ಷ್ಯ ಮೊದಲು ಹರಿಯುವುದು ಆಹಾರದ ಕಡೆಗೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡುವವರುಂಟು, ಹಸಿರು ಕಾಯಿಪಲ್ಯಗಳನ್ನು ತ್ಯಜಿಸುವವರುಂಟು, ನಿರ್ಜಲ ಉಪವಾಸ ಕೈಗೊಳ್ಳುವ ಧೀರರೂ ಉಂಟು. ಬಾಯಿಯೊಳಗೆ ಹೋಗುವುದರ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು, ಬಾಯಿಂದ ಹೊರಬರುವುದರ ವಿಷಯದಲ್ಲಿ, ಈಚೆಗೆ ಬೆರಳ ತುದಿಯಿಂದ ಹೊರಡುವುದರ ವಿಷಯದಲ್ಲಿ ಎಷ್ಟು ಎಚ್ಚರವಾಗಿದ್ದೇವೆ? ವಾಟ್ಸಾಪ್, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಪ್ರತಿಯೊಬ್ಬ ಶ್ರಾವಕನೂ ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ. ಅನ್ಯರಿಗೆ ಹೇಳುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

2018ರ ಮೇ ತಿಂಗಳು. ಮಕ್ಕಳ ಕಳ್ಳರ ತಂಡವೊಂದು ಕರ್ನಾಟಕವನ್ನು ಪ್ರವೇಶಿಸಿದೆ ಎಂಬ ಸಂದೇಶ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಬಂದಿತು. ಜೊತೆಗೆ ಒಂದು ವಿಡಿಯೋ. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ನಿಜವೋ ಸುಳ್ಳೋ ವಿಚಾರಿಸಲಿಲ್ಲ. ಎಚ್ಚರಿಕೆ ಹೇಳಿದರೆ ನಷ್ಟವೇನು ಎಂದುಕೊಂಡು ಪಾಲಕರ ಗುಂಪಿಗೆ ಕಳುಹಿಸಿ, ಕರ್ತವ್ಯ ಮಾಡಿದ ಸಮಾಧಾನದಿಂದ ಮಲಗಿದೆ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮುನ್ನ ಕೊಡೆ ರಿಪೇರಿ ಮಾಡುವವರು ಊರೂರು ತಿರುಗುವುದು ರೂಢಿ. ಹಿಂದಿನ ದಿನವಷ್ಟೆ ನನ್ನ ಕೊಡೆಗೆ ಕಡ್ಡಿ ಹಾಕಿಕೊಟ್ಟಿದ್ದ ಪರಸ್ಥಳದವನೊಬ್ಬನನ್ನು ಸಂತೆಯ ದಿನ ಇಪ್ಪತ್ತು ಮೂವತ್ತು ಜನ ಸುತ್ತುಗಟ್ಟಿದ್ದರು. ಅವನಿಗೆ ಕನ್ನಡ ಅರೆಬರೆ. ಕೈಮುಗಿದು ನಿಂತಿದ್ದ. ಬಿಡಿ ಎಂದ ಒಬ್ಬನಿಗೆ ಗುಂಪಿನೊಳಗಿನಿಂದ ಬಂದ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: "ಮೇಷ್ಟ್ರೇ ಕಳಿಸಿದ್ದಾರೆ ಕಣ್ರೀ, ಸುಳ್ಳು ಇರುತ್ತಾ?" ತರಕಾರಿ ಮಾರುತ್ತಿದ್ದ ವೃದ್ಧೆಯೊಬ್ಬಳು, ಇವನು ನಾಲ್ಕು ವರ್ಷದಿಂದ ಬರುವವನೆಂದು ಗದರಿಸಿ ಬಿಡಿಸಿದಳು. ಅವನು ಮತ್ತೆ ನಮ್ಮ ಊರಿನ ಕಡೆ ಬರಲಿಲ್ಲ.

ಎಲ್ಲ ಊರುಗಳಲ್ಲಿಯೂ ಅಂತಹ ವೃದ್ಧೆ ಇರಲಿಲ್ಲ. ಅದೇ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ಸಂಶಯದಿಂದ ಹಗ್ಗದಿಂದ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಕಡೆಯಿಂದ ಬಂದಿದ್ದ ಮಿತ್ರರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ಸಂಶಯ ಹುಟ್ಟಿತು. ಅವರು ಕಾರು ಹತ್ತಿ ಹೊರಟರೆ, ಅವರಿಗಿಂತ ಮುಂಚೆ ಅವರ ಚಿತ್ರ ಮುರ್ಕಿ ಗ್ರಾಮವನ್ನು ತಲಪಿತ್ತು. ಅಲ್ಲಿ ದಾರಿ ಕಟ್ಟಿದ ಗುಂಪಿನ ಕೈಗೆ ಸಿಕ್ಕಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣಬಿಟ್ಟನು. ರಕ್ಷಣೆಗೆ ಹೋದ ಪೊಲೀಸರಿಗೂ ಪೆಟ್ಟಾಯಿತು.

ಆ ವಿಡಿಯೋದ ಮೂಲವೇನು? ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ಹಿಂದಕ್ಕೆ ತಂದುಬಿಟ್ಟು, ಮಗು ಕದಿಯುವುದು ಎಷ್ಟು ಸುಲಭವೆಂಬ ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ರಕ್ಷಣೆಗೆಂದು ಹುಟ್ಟಿದ ವಸ್ತು ಕೊಲೆಗೆ ಕಾರಣವಾಯಿತು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಆಚಾರ್ಯ ಉಮಾಸ್ವಾತಿಗಳು ಕೂಟಲೇಖಕ್ರಿಯೆಯನ್ನು ಎಣಿಸಿದ್ದಾರೆ. ಲೇಖನಿಯಿಂದಾಗಲಿ ಕತ್ತರಿಯಿಂದಾಗಲಿ, ಕೂಟವು ಕೂಟವೇ.

"ಕತ್ತರಿಸಿದವನು ನಾನಲ್ಲ, ನಾನು ದಾಟಿಸಿದೆನಷ್ಟೆ" ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಕರ್ಮಾಸ್ರವವನ್ನು ವಿವರಿಸುವಾಗ ಶಾಸ್ತ್ರವು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಹೇಳುತ್ತದೆ. ಸುಳ್ಳನ್ನು ಕಟ್ಟಿದವನದು ಕೃತ. ಅದನ್ನು ಮುಂದಕ್ಕೆ ಕಳುಹಿಸಿ ಇತರರನ್ನು ಪ್ರೇರಿಸಿದವನದು ಕಾರಿತ. ನೋಡಿ ಮೆಚ್ಚುಗೆಯ ಹೆಬ್ಬೆರಳನ್ನು ಒತ್ತಿದವನದು ಅನುಮೋದನೆ. ಮೂವರಲ್ಲಿ ಯಾರಿಗೂ ಬಿಡುಗಡೆಯಿಲ್ಲ.

ಉದ್ದೇಶ ಒಳ್ಳೆಯದಿತ್ತಲ್ಲ ಎಂದು ಕೇಳಬಹುದು. ನಾನೂ ಬಹುದಿನ ಹಾಗೆಯೇ ಕೇಳಿಕೊಂಡೆ. ಭಾವಕ್ಕೆ ನಮ್ಮಲ್ಲಿ ಹಿರಿಯ ಸ್ಥಾನವಿದೆ, ನಿಜ. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಮುಂದಿಟ್ಟದ್ದು ದ್ವೇಷವನ್ನಲ್ಲ, ಪ್ರಮಾದವನ್ನು. ಕೊಲ್ಲಬೇಕೆಂಬ ಇಚ್ಛೆ ನನ್ನಲ್ಲಿರಲಿಲ್ಲ. ವಿಚಾರಿಸಬೇಕೆಂಬ ಎಚ್ಚರವೂ ಇರಲಿಲ್ಲ. ಪರೀಕ್ಷಿಸದೆ ಮಾಡುವ ಕಾರ್ಯವನ್ನು ಅಸಮೀಕ್ಷ್ಯಾಧಿಕರಣವೆಂದೂ, ಅತಿಯಾದ ಮಾತನ್ನು ಮೌಖರ್ಯವೆಂದೂ ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಹೇಳಿದೆ. ಇಂದಿನ ನಮ್ಮ ಸಂದೇಶಗಳಲ್ಲಿ ಬಹುಪಾಲು ಈ ಎರಡರೊಳಗೆ ಅಡಗುತ್ತದೆ.

ಹಾಗಾದರೆ ಈ ಸಾಧನವೇ ಪಾಪವೆ? ಏಕಾಂತವಾಗಿ ಹಾಗೆನ್ನುವುದು ಅನೇಕಾಂತವಾದಿಗೆ ಸಲ್ಲದು. ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಡಾನೆಗಳು ಕಾಫಿ ತೋಟ, ಭತ್ತದ ಗದ್ದೆಗಳ ನಡುವೆಯೇ ಇವೆ. ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ ಮೊಬೈಲಿಗೆ ಬಂದುದರಿಂದ ಕೂಲಿಗೆ ಹೊರಟ ಹೆಂಗಸರು ದಾರಿ ಬದಲಿಸಿ ಸುರಕ್ಷಿತವಾಗಿ ಮನೆ ಸೇರುತ್ತಾರೆ. ಅದೂ ದಾಟಿಸಿದ ಮಾತೇ. ಭೇದವೆಲ್ಲಿ? ಆನೆಯ ಸುದ್ದಿಯಲ್ಲಿ ಕಂಡವರು ಯಾರು, ಎಲ್ಲಿ, ಯಾವಾಗ ಎಂಬುದು ಇರುತ್ತದೆ. ಆ ದಾರಿಯಲ್ಲಿ ಹೋಗುವವರಿಗೆ ಅದು ಬೇಕಾಗಿರುತ್ತದೆ. ಕಳ್ಳರ ಸುದ್ದಿಯಲ್ಲಿ ಕಂಡವರೇ ಇರಲಿಲ್ಲ. ಭಯವೊಂದೇ ಇತ್ತು.

ಭಯದ ವೇಗವನ್ನು ನಮ್ಮ ನಾಡು ಹಿಂದೆಯೂ ಕಂಡಿದೆ. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ಆಗ ಸಾಮೂಹಿಕ ಎಸ್‌ಎಂಎಸ್‌ಗಳಿಗೆ 15 ದಿನಗಳ ನಿರ್ಬಂಧ ಹಾಕಿತು. 2018ರ ಕೊಲೆಗಳ ತರುವಾಯ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವಂತೆ ಮಿತಿಗೊಳಿಸಿತು. ಇವು ಹೊರಗಿನ ಬೇಲಿಗಳು, ಅಗತ್ಯವಾದವು. ಆದರೆ ಐದು ಜನರಿಗೆ ಹೇಳಿದ ಸುಳ್ಳು ಐದು ಪಟ್ಟು ಸುಳ್ಳೇ ಹೊರತು ಸತ್ಯವಾಗದು. ಇನ್ನೊಬ್ಬರು ಹಾಕಿದ ಬೇಲಿಗೆ ನಿರ್ಬಂಧವೆಂದು ಹೆಸರು. ತಾನೇ ಹಾಕಿಕೊಂಡದ್ದು ವ್ರತ.

ಆ ವರ್ಷದ ಪರ್ವದಲ್ಲಿ ನಾನೊಂದು ನಿಯಮ ಮಾಡಿಕೊಂಡೆ. ಕಂಡವರು ಯಾರೆಂದು ತಿಳಿಯದ ಸುದ್ದಿಯನ್ನು ಯಾರಿಗೂ ಕಳುಹಿಸುವುದಿಲ್ಲ. ಕಳುಹಿಸಿದ್ದು ತಪ್ಪೆಂದು ತಿಳಿದರೆ, ಕಳುಹಿಸಿದ ಗುಂಪಿನಲ್ಲಿಯೇ ತಪ್ಪಾಯಿತೆಂದು ಬರೆಯುತ್ತೇನೆ. ಅಷ್ಟಮಿ, ಚತುರ್ದಶಿಗಳಲ್ಲಿ ಜಾಲತಾಣಗಳನ್ನು ತೆರೆಯುವುದಿಲ್ಲ. ಎರಡನೆಯದು ಎಲ್ಲಕ್ಕಿಂತ ಕಠಿನವೆಂದು ಅನುಭವದಿಂದ ಹೇಳಬಲ್ಲೆ. ನಿರಾಹಾರ ಉಪವಾಸಕ್ಕಿಂತಲೂ ಕಠಿನ.

ಅಂದು ಆ ಪಾಲಕರ ಗುಂಪಿನಲ್ಲಿ ತಪ್ಪೊಪ್ಪಿಕೊಂಡೆನಾದರೂ ಕೊಡೆಯವನ ಮುಂದೆ ಒಪ್ಪಿಕೊಳ್ಳುವ ಅವಕಾಶ ಸಿಗಲಿಲ್ಲ. ಪ್ರತಿವರ್ಷ ಕ್ಷಮಾವಣಿಯ ದಿನ ಸಕಲ ಜೀವರಾಶಿಯನ್ನು ಕ್ಷಮೆ ಬೇಡುವಾಗ ನನ್ನ ಕಣ್ಣಮುಂದೆ ಬರುವುದು ಅವನ ಮುಖವೊಂದೇ. ಅವನು ಹಾಕಿಕೊಟ್ಟ ಕಡ್ಡಿ ಇಂದಿಗೂ ಗಟ್ಟಿಯಾಗಿದೆ.