ಕೂಲಿಯೂ ಋಣವೂ

ಹಣ ತೆತ್ತು ಪಡೆದ ಸುಖಕ್ಕೆ ಋಣವುಂಟೆ? ಗೊತ್ತುಮಾಡಿದ ಕೂಲಿಯನ್ನು ಎಣಿಸಿ ಕೈಗಿತ್ತ ಬಳಿಕ ಇತ್ತವನಿಗೂ ಪಡೆದವನಿಗೂ ನಡುವೆ ಏನಾದರೂ ಉಳಿಯುವುದೆ? ಅಂಗಡಿಯ ಲೆಕ್ಕದಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ. ಖಾತೆ ಚುಕ್ತಾ ಆಯಿತೆಂದರೆ ಮುಗಿಯಿತು. ಧರ್ಮವಿಚಾರದಲ್ಲಿಯಾದರೋ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಇದನ್ನು ಒಂದು ನಿದರ್ಶನದಿಂದ ವಿವೇಚಿಸುವುದು ಲೇಸು.

ಈಚೆಗೆ ಪಟ್ಟಣದ ತರುಣರು ಗೆಳೆಯರೊಡಗೂಡಿ ರಾಜಸ್ಥಾನದ ಜೈಸಲ್ಮೇರಿಗೆ ಹೋಗಿ, ಅಲ್ಲಿಂದ ಸಮ್ ಇಲ್ಲವೆ ಖುರಿ ಗ್ರಾಮದ ಮರಳುದಿಬ್ಬಗಳ ನಡುವೆ ಒಂಟೆಯೇರಿ ಸಾಗಿ, ಒಂದು ರಾತ್ರಿಯನ್ನು ಬಯಲಿನಲ್ಲಿಯೇ ಕಳೆದು ಬರುವುದು ರೂಢಿಯಾಗಿದೆ. ಇದು ಬರಿಯ ವಿಲಾಸವೆಂದು ಹಳಿಯುವ ಹಿರಿಯರುಂಟು. ಹಳಿಯಬೇಕಾದ ಕಾರಣವಿಲ್ಲ. ಒಂಟೆಯ ಬೆನ್ನಿನ ಮೇಲೆ ಹರಟೆ ಸಾಗದು. ಅದು ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವ ಪ್ರಾಣಿಯಾದುದರಿಂದ ಕುಳಿತವನು ದೋಣಿಯಲ್ಲಿದ್ದಂತೆ ತೂಗಾಡುತ್ತಾನೆ. ಒಂದರ ಹಿಂದೊಂದು ಸಾಲುಗಟ್ಟಿ ನಡೆಯುವಾಗ ಮುಂದಿನವನ ಬೆನ್ನಲ್ಲದೆ ಮುಖ ಕಾಣದು. ಹೀಗೆ ಮೂರು ನಾಲ್ಕು ಗಳಿಗೆ ಮೌನವಾಗಿದ್ದ ಗೆಳೆಯರು ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಊರಿನಲ್ಲಿ ಎಂದೂ ಆಡದ ಮಾತುಗಳನ್ನು ಆಡುವುದುಂಟು. ತಲೆಯ ಮೇಲೆ ನಕ್ಷತ್ರಗಳು ದಟ್ಟವಾಗಿ ಹಬ್ಬಿರುತ್ತವೆ. ತಾನು ಎಷ್ಟು ಅಲ್ಪನೆಂಬ ಅರಿವು ಅಲ್ಲಿ ಒಬ್ಬನಿಗೆ ಕ್ಷಣಕಾಲವಾದರೂ ಮೂಡಿದರೆ ಆ ಪ್ರಯಾಣ ವ್ಯರ್ಥವಾಯಿತೆನ್ನಲಾಗದು.

ವಿಚಾರಿಸಬೇಕಾದುದು ಅವರು ಮರಳಿ ಬಂದು ಹೇಳುವ ಮಾತು. “ಅಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ; ನಾವು ನಾಲ್ವರೇ” ಎನ್ನುತ್ತಾರೆ.

ಏನೂ ಇರಲಿಲ್ಲವೆ? ಸಂಸ್ಕೃತದ ‘ಮರು’ ಶಬ್ದವು ಸಾಯು ಎಂಬರ್ಥದ ಧಾತುವಿನಿಂದ ಹುಟ್ಟಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ: ಜೀವಿಗಳು ಸಾಯುವ ನೆಲವೇ ಮರು. ಕನ್ನಡವು ಅದನ್ನು ಮರಳು‘ಗಾಡು’ ಎಂದಿತು, ಬೆಂ‘ಗಾಡು’ ಎಂದಿತು. ಕಾಡೆಂದ ಮೇಲೆ ಅಲ್ಲಿ ಬಾಳುವವರು ಇದ್ದೇ ಇರಬೇಕಷ್ಟೆ. ಈ ಸಂಗತಿಯಲ್ಲಿ ಕನ್ನಡದ ಮಾತೇ ನಿಜಕ್ಕೆ ಹತ್ತಿರ. ವಿರಳ ಜನವಸತಿಯ ಜೈಸಲ್ಮೇರ್ ಜಿಲ್ಲೆಯಲ್ಲಿಯೂ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 17 ಜನರಿದ್ದರು. ಅಲ್ಲಿನ ಖೇಜಡಿ ಮರವು ವಿಜಯದಶಮಿಯಂದು ನಮ್ಮ ನಾಡಿನವರು ಪೂಜಿಸುವ ಬನ್ನಿಯೇ ಹೊರತು ಬೇರೆಯಲ್ಲ; ಅದರ ಸೊಪ್ಪು ಒಂಟೆಗೆ ಮೇವು, ಅದರ ಎಳೆಗಾಯಿ ಮನುಷ್ಯನಿಗೆ ಪಲ್ಯ.

ಇನ್ನು ಯಾರೂ ಇರಲಿಲ್ಲವೆಂಬ ಮಾತು. ಒಂಟೆಯವನು ಇದ್ದನು. ಆತನು ಮೂಗುದಾರ ಹಿಡಿದು ಬರಿಗಾಲಿನಲ್ಲೋ ಹರಕು ಜೋಡಿನಲ್ಲೋ ಮುಂದೆ ನಡೆದನು. ಒಣಗಿದ ಕಡ್ಡಿಗಳನ್ನು ಆಯ್ದು ಒಲೆ ಹೂಡಿದನು, ಸಜ್ಜೆಯ ರೊಟ್ಟಿ ತಟ್ಟಿದನು. ಅತಿಥಿಗಳಿಗೆ ದಪ್ಪ ಹೊದಿಕೆಗಳನ್ನು ಹಾಸಿ ಹೊದಿಸಿ ತಾನು ಒಂಟೆಯ ಬೆನ್ನಿನಿಂದಿಳಿಸಿದ ಗಾದಿಯ ಮೇಲೆ ಮಲಗಿದನು. ಒಂಟೆಗಳ ಮುಂಗಾಲುಗಳನ್ನು ಮೋಟು ಹಗ್ಗದಿಂದ ಕಟ್ಟಿ ಮೇಯಲು ಬಿಟ್ಟಿದ್ದರೂ ಅವು ಇರುಳೆಲ್ಲ ಕುಪ್ಪಳಿಸುತ್ತ ದೂರ ಹೋಗಿಬಿಡುತ್ತವೆ. ಅತಿಥಿಗಳು ಏಳುವ ಮುನ್ನವೇ ಮರಳಿನ ಮೇಲಿನ ಹೆಜ್ಜೆಗಳನ್ನು ಓದುತ್ತ ಹೋಗಿ ಅವನ್ನು ಹಿಡಿದು ತರಬೇಕು. ನಾಲ್ವರ ನಿಶ್ಚಿಂತೆಯ ನಿದ್ರೆಯು ಈ ಐದನೆಯವನ ಎಚ್ಚರದ ಮೇಲೆ ನಿಂತಿತ್ತು. ಎಣಿಕೆಯಲ್ಲಿ ಮಾತ್ರ ಆತನು ಬರಲಿಲ್ಲ.

ಒಂಟೆಯೂ ಬರಲಿಲ್ಲ. ಅದರ ಡುಬ್ಬದಲ್ಲಿ ನೀರಿರುತ್ತದೆಂದು ಜನ ನಂಬುತ್ತಾರೆ, ಅಲ್ಲಿರುವುದು ಕೊಬ್ಬು. ನೀರು ಸಿಗದ ದಿನಗಳಲ್ಲಿ ತನ್ನ ಮೈಯ ಶಾಖವನ್ನು ಹಗಲು 41 ಡಿಗ್ರಿಯವರೆಗೆ ಏರಗೊಟ್ಟು, ಇರುಳು 34ರವರೆಗೆ ಇಳಿಯಗೊಟ್ಟು, ಬೆವರನ್ನು ಉಳಿಸಿಕೊಂಡು ಅದು ಬಾಳುತ್ತದೆ. ಇಂತಹ ತಪಸ್ವಿಯ ಬೆನ್ನೇರಿ ಹೋದವನು ವೈರಾಗ್ಯವನ್ನು ಕುರಿತು ಮಾತನಾಡುವಾಗ ಸ್ವಲ್ಪ ದನಿ ತಗ್ಗಿಸುವುದು ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಕೂಲಿ ಕೊಟ್ಟಿದ್ದಾರೆ, ಮತ್ತೇನು ಬೇಕು? ದೇವಋಣ, ಋಷಿಋಣ, ಪಿತೃಋಣಗಳೊಂದಿಗೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಶತಪಥ ಬ್ರಾಹ್ಮಣವು ಎಣಿಸಿದೆ. ಮನುಷ್ಯರಿಗೆ ಇರುನೆಲೆಯನ್ನೂ ಅನ್ನವನ್ನೂ ಇತ್ತು ಅದನ್ನು ತೀರಿಸಬೇಕೆಂದಿದೆ. ಮರಳುಗಾಡಿನಲ್ಲಿ ಇರುನೆಲೆ ಕೊಟ್ಟವನು, ಅನ್ನವಿಕ್ಕಿದವನು ಒಂಟೆಯವನು. ಕೂಲಿಯು ಆತನ ಹೊತ್ತಿಗೆ ಸಂದಿತು. ಯಾವ ದಿಬ್ಬದ ಮರೆಯಲ್ಲಿ ಗಾಳಿ ತಗ್ಗುವುದು, ಯಾವ ಕುರುಚಲು ಹಸಿಯಾಗಿಯೂ ಉರಿಯುವುದು, ಯಾವ ಬಾವಿಯ ನೀರು ಉಪ್ಪು ಎಂಬ ಅರಿವು ಆತನಿಗೆ ಅಪ್ಪ ಅಜ್ಜಂದಿರಿಂದ ಬಂದುದು. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಕಟ್ಟಲು ಬರುವುದೂ ಇಲ್ಲ. ಬೆಲೆಯಿಲ್ಲದುದನ್ನು ಪಡೆದವನು ಬೆಲೆ ತೆತ್ತೆನೆಂದುಕೊಂಡರೆ ಲೆಕ್ಕ ತಪ್ಪಿತೆಂದೇ ಅರ್ಥ.

ಹಾಗಾದರೆ ಹೋಗದಿರುವುದೇ ಮೇಲಲ್ಲವೆ, ಪ್ರಾಣಿಗೂ ಹಿಂಸೆ ತಪ್ಪೀತು ಎಂದು ಮತ್ತೊಬ್ಬರು ಕೇಳಬಹುದು. ಕೇಳಲು ಇದು ದಯೆಯ ಮಾತಿನಂತಿದೆ. ಆದರೆ ರಸ್ತೆ, ಲಾರಿ, ಟ್ರ್ಯಾಕ್ಟರುಗಳು ಬಂದ ಮೇಲೆ ಒಂಟೆಗೆ ಕೆಲಸ ತಪ್ಪಿತು. ಕಾಲುವೆಯ ನೀರು ಬಂದೆಡೆ ಗೋಮಾಳಗಳು ಹೊಲಗಳಾದವು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದುವು. 2019ರಲ್ಲಿ ಉಳಿದುವು ಎರಡೂವರೆ ಲಕ್ಷ. ರಾಜಸ್ಥಾನ ಸರ್ಕಾರವು 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಸಾರಿ, 2015ರಲ್ಲಿ ಅದರ ವಧೆಯನ್ನು ಕಾಯಿದೆಯಿಂದ ತಡೆದು, ಹೊರರಾಜ್ಯಗಳಿಗೆ ಸಾಗಿಸುವುದನ್ನು ನಿರ್ಬಂಧಕ್ಕೊಳಪಡಿಸಿತು. ಕೊಳ್ಳುವವರೇ ಇಲ್ಲದಾದ ಮೇಲೆ ಸಾಕುವುದು ಹೇಗೆಂದು ರೈಕಾ ಕುಲದ ಒಂಟೆಸಾಕಣೆಗಾರರು ಕೇಳುತ್ತಾರೆ. ಹೀಗಿರುವಲ್ಲಿ ಪ್ರವಾಸಿಯ ದುಡ್ಡು ಹಲವು ಮನೆಗಳ ಒಲೆ ಉರಿಸುತ್ತಿದೆ. ಹೋಗದೆ ಉಳಿದು ಕೈ ತೊಳೆದುಕೊಂಡವನ ಶುಚಿತ್ವದಿಂದ ಯಾವ ಒಂಟೆಗೂ ಮೇವು ದೊರೆಯುವುದಿಲ್ಲ. ಮೂಗಿಗೆ ಕೀವಾದ ಒಂಟೆಯನ್ನು ಏರಲಾರೆನೆಂದು ಅಲ್ಲಿ ನಿಂತು ಹೇಳುವವನಿಂದ ಆ ಪ್ರಾಣಿಗೆ ಹೆಚ್ಚಿನ ಉಪಕಾರ.

ಋಣ ತೀರಿಸುವ ಬಗೆ ದೊಡ್ಡದೇನೂ ಆಗಬೇಕಿಲ್ಲ. ಹೆಸರು ಕೇಳಿಕೊಳ್ಳುವುದು, ಕೂಗಿ ಕರೆಯದೆ ಹೆಸರಿಡಿದು ಕರೆಯುವುದು, ಬಡಿಸಿ ದೂರ ಕುಳಿತವನನ್ನು ಬೆಂಕಿಯ ಬಳಿಗೆ ಕರೆದು ಜೊತೆಗೆ ಉಣ್ಣುವುದು. ಬಾಟಲಿಗಳನ್ನು ಮರಳಿನಲ್ಲಿ ಹೂತು ಬರುವವರಿದ್ದಾರೆ. ಗಾಳಿ ಬೀಸಿದ ಮಾರನೆಯ ದಿನವೇ ಅವು ಮೇಲೇಳುತ್ತವೆ. ನೀರಿನ ವಿಷಯವಂತೂ ಬಾಯಿಬಿಟ್ಟು ಹೇಳಬೇಕಾದುದಲ್ಲ. ಉಂಡ ತಟ್ಟೆಗಳನ್ನು ಒಂಟೆಯವನು ಒಣಮರಳಿನಿಂದಲೇ ತಿಕ್ಕಿ ಬಟ್ಟೆಯಲ್ಲಿ ಒರೆಸಿಡುತ್ತಾನೆ; ಅದನ್ನು ಕಂಡು ಮೂಗು ಮುರಿಯುವ ಗೆಳೆಯನು ಅದೇ ಹೊತ್ತಿನಲ್ಲಿ ಮುಖ ತೊಳೆಯಲೆಂದು ಕ್ಯಾನಿನ ನೀರನ್ನು ಬೊಗಸೆ ಬೊಗಸೆಯಾಗಿ ಚೆಲ್ಲುತ್ತಿರುತ್ತಾನೆ. ಆ ಕ್ಯಾನನ್ನು ಊರಿನಿಂದ ಅಲ್ಲಿಯವರೆಗೆ ಹೊತ್ತು ತಂದದ್ದು ಒಂಟೆ.