ಸೂತಕವಿಲ್ಲದ ದುಃಖ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ದುಃಖಕ್ಕೂ ಒಂದು ಲೆಕ್ಕ ಇರುತ್ತದೆ. ದಾಯಾದಿಗಳಿಗೆ ಇಷ್ಟು ದಿನ, ದೂರದವರಿಗೆ ಇಷ್ಟು ದಿನ ಎಂದು ಸೂತಕ. ಯಾರು ಹೆಗಲು ಕೊಡಬೇಕು, ಯಾರ ಮನೆಯಿಂದ ಬುತ್ತಿ ಬರಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರು ಬಿಟ್ಟವನಿಗೆ ಈ ಲೆಕ್ಕ ತಪ್ಪಿಹೋಗುತ್ತದೆ. 2005ರಲ್ಲಿ ವರ್ಗವಾಗಿ ಪುಣೆಗೆ ಬಂದು, ನಿವೃತ್ತನಾದ ಮೇಲೆ ಇಲ್ಲಿಯೇ ಉಳಿದ ನನಗೆ ಇದು ಸರಿಯಾಗಿ ಅರಿವಾದದ್ದು 2023ರ ನವೆಂಬರಿನಲ್ಲಿ. ಜೊತೆಗೆ ಸೈಕಲ್ ತುಳಿಯುತ್ತಿದ್ದ ಗೆಳೆಯನೊಬ್ಬ ನಮ್ಮ ಕಣ್ಣೆದುರಿನ ರಸ್ತೆಯಲ್ಲೇ ಹೋದ. ನನಗೂ ಅವನಿಗೂ ರಕ್ತಸಂಬಂಧವಿಲ್ಲ, ಭಾಷೆ ಒಂದಲ್ಲ, ಓಣಿ ಒಂದಲ್ಲ. ಸೂತಕವಿಲ್ಲದ ಆ ದುಃಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಸೈಕಲ್ ನನಗೆ ಹೊಸದೇನಲ್ಲ. ಗದಗಿನಲ್ಲಿ ಗಂಟೆಯ ಬಾಡಿಗೆಗೆ ಸೈಕಲ್ ತಂದು, ಸೀಟಿನ ಮೇಲೆ ಕಾಲು ಎಟುಕದೆ ದಂಡದ ಕೆಳಗೆ ಕಾಲು ತೂರಿಸಿ ಕಲಿತವನು ನಾನು. ಆಮೇಲೆ ಎಂಕಾಂ, ಬ್ಯಾಂಕು, ಸ್ಕೂಟರು, ಮದುವೆ, ಮಕ್ಕಳು. ನಿವೃತ್ತಿಯ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು, ಮೊಣಕಾಲು ಬೇಡ ಎಂದಿತು. ಹೀಗೆ ಮತ್ತೆ ಸೈಕಲ್ಲಿಗೆ ಬಂದೆ. ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನ್ನುತ್ತಿದ್ದರು. ಈಗ ಬೈಕುಗಳ ನಡುವೆ ಸೈಕಲ್ಲಿನವನು ಮದುವೆ ಮನೆಗೆ ಕರೆಯದೆ ಬಂದವನಂತೆ ಅಂಚಿನಲ್ಲಿ ಸಾಗಬೇಕು. ಆದರೂ ಬೆಳಿಗ್ಗೆ ಬೇಗ ಎದ್ದು ಹೊರಡುವ ಗುಂಪುಗಳು ಹಲವಿವೆ. ಅಂಥ ಇಪ್ಪತ್ತು ಜನರ ಗುಂಪಿನಲ್ಲಿ ನಾನೊಬ್ಬನೇ ಕನ್ನಡಿಗ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. ಹಾಗಾಗಿ ಎಲ್ಲರಿಗೂ ‘ಕಾಕಾ’. ಬ್ಯಾಂಕಿನವನೆಂದು ಚಹಾ, ಟ್ಯೂಬು, ಪಂಪುಗಳ ಲೆಕ್ಕವೂ ನನ್ನ ಕೊರಳಿಗೇ ಬಿತ್ತು.

ಅವನನ್ನು ಹುಡುಗರು ‘ದಾದಾ’ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ನಲವತ್ತಮೂರು ವರ್ಷ, ಚಿಂಚವಾಡದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ, ಮಾತು ಕಡಿಮೆ. ದೂರ ತುಳಿಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಬ್ರೆವೆ ಎಂಬ ದೂರದ ಸವಾರಿಗಳಿವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು ಇಪ್ಪತ್ತು ಗಂಟೆಯಲ್ಲಿ, 600ನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕು. ಸ್ಪರ್ಧೆಯಲ್ಲ, ಮೊದಲನೆಯವನಿಗೆ ಬಹುಮಾನವಿಲ್ಲ, ವೇಳೆಯೊಳಗೆ ಬಂದರೆ ಸಾಕು. ಅವನು ಇವನ್ನೆಲ್ಲ ಮುಗಿಸಿದ್ದ. ಆದರೆ ಖಡಕವಾಸ್ಲಾ ಹತ್ತಿರ ನನ್ನ ಗಾಲಿ ಪಂಕ್ಚರ್ ಆದಾಗ ಮುಂದೆ ಹೋದವನು ತಿರುಗಿ ಬಂದು, ರಸ್ತೆಯಂಚಿಗೆ ಕೂತು ಟ್ಯೂಬು ಬದಲಿಸಿ, ಒಂದು ಮಾತೂ ಆಡದೆ ಹೊರಟ.

ಅವನ ಮನೆ ಯಾವ ಬೀದಿಯಲ್ಲಿದೆ, ಹೆಂಡತಿಯ ಹೆಸರೇನು, ಯಾವ ಜನ, ನನಗೆ ಗೊತ್ತಿರಲಿಲ್ಲ. ಏರಿನಲ್ಲಿ ಅವನು ಹೇಗೆ ಉಸಿರಾಡುತ್ತಾನೆ ಎಂದು ಮಾತ್ರ ಗೊತ್ತಿತ್ತು. 2022ರಲ್ಲಿ ಗದಗಿನಲ್ಲಿ ನನ್ನ ಅವ್ವ ತೀರಿಕೊಂಡ ಸುದ್ದಿ ರಾತ್ರಿ ಎರಡು ಗಂಟೆಗೆ ಬಂತು. ಯಾರಿಗೆ ಫೋನು ಮಾಡಲಿ? ಬ್ಯಾಂಕಿನ ಗೆಳೆಯರೆಲ್ಲ ಬೇರೆ ಬೇರೆ ಊರು. ಕೈ ತಾನಾಗಿ ಅವನ ನಂಬರಿಗೆ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಕಾರು ತಂದ. ಬೆಳಗಾವಿಯವರೆಗೆ ಮುನ್ನೂರ ನಲವತ್ತು ಕಿಲೋಮೀಟರ್ ಓಡಿಸಿ, ನಮ್ಮನ್ನು ಗದಗಿನ ಬಸ್ಸಿಗೆ ಹತ್ತಿಸಿ, ಎರಡನೇ ಪಾಳಿಗೆ ಹೋಗಬೇಕೆಂದು ಅಲ್ಲಿಂದಲೇ ತಿರುಗಿದ. ಅವ್ವನ ಮುಖ ನೋಡಲು ನನಗೆ ಸಿಕ್ಕಿದ್ದು ಅವನಿಂದ.

ಆ ಭಾನುವಾರ ಐದು ಗಂಟೆಗೆ ಕಾತ್ರಜ್ ಚೌಕಿನಲ್ಲಿ ಸೇರಿದೆವು. ಘಾಟು ಹತ್ತಿಳಿದು ಖೇಡ್ ಶಿವಾಪುರದಲ್ಲಿ ಚಹಾ ಕುಡಿದು ಮರಳುವುದು. ಇನ್ನೂ ಪೂರ್ತಿ ಕತ್ತಲೆ. ಹೊರಡುವಾಗ ಅವನ ಸೈಕಲ್ಲಿನ ಹಿಂದಿನ ಕೆಂಪು ದೀಪ ಉರಿಯುತ್ತಿಲ್ಲ ಎಂದು ನೋಡಿದೆ. ಹೇಳಬೇಕು ಅಂದುಕೊಂಡೆ. ಅವನು ಆಗಲೇ ಮುಂದಕ್ಕೆ ಹೋಗಿದ್ದ, ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ. ಚಹಾದ ಹೊತ್ತಿಗೆ ಹೇಳಿದರಾಯಿತು ಅಂದುಕೊಂಡೆ. ಅಷ್ಟೇ.

ಶಿಂದೇವಾಡಿ ದಾಟಿ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಖಾಲಿ ಟೆಂಪೋ ಒಂದು ಅವನಿಗೆ ಬಡಿಯಿತು. ನಾನು ಹತ್ತು ನಿಮಿಷ ತಡವಾಗಿ ತಲುಪಿದೆ. ಅಷ್ಟರಲ್ಲಿ ನಮ್ಮವರು ಇನ್ನೊಂದು ಗಾಡಿ ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ದಾರಿಯಲ್ಲೇ ಮುಗಿದಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಕಣ್ಣಿಗೆ ಬಿದ್ದದ್ದು ಜನರ ಗುಂಪು, ನಡುವೆ ತಲೆಯ ಮೇಲೆ ಕೈಯಿಟ್ಟು ಕೂತ ಡ್ರೈವರ್. ಟೆಂಪೋದ ನಂಬರು ಕೆಎ. ಹುಡುಗ ಓಡಿಹೋಗಿರಲಿಲ್ಲ. ಯಾರೋ ಕೈಯೆತ್ತಿದಾಗ ಅವನು ಕೂಗಿದ್ದು ಕನ್ನಡದಲ್ಲಿ: “ದೇವರಾಣಿ ಕಾಣಲಿಲ್ಲರೀ, ಹಿಂದ ದೀಪಾನ ಇರಲಿಲ್ಲರೀ!”

ಅಲ್ಲಿದ್ದವರಲ್ಲಿ ಆ ಮಾತು ತಿಳಿದವನು ನಾನೊಬ್ಬನೇ. ಆ ಮಾತು ನಿಜವೆಂದು ತಿಳಿದವನೂ ನಾನೊಬ್ಬನೇ.

ಹೊಡೆಯಲು ಬಂದವರ ನಡುವೆ ನಿಂತೆ. ಬೆಳಗಾವಿ ಜಿಲ್ಲೆಯ ಹುಡುಗ, ನನ್ನ ಸಣ್ಣ ಮಗನಿಗಿಂತ ಚಿಕ್ಕವನು. ರಾತ್ರಿಯೆಲ್ಲ ಓಡಿಸಿ ಬಂದು, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಕೋಸು ಇಳಿಸಿ, ನಿದ್ದೆಯಿಲ್ಲದೆ ಮರಳುತ್ತಿದ್ದ. ಪೊಲೀಸರು ಬಂದಾಗ ನಾನೇ ದುಭಾಷಿಯಾದೆ. “ದೀಪ ಇರಲಿಲ್ಲ ಅನ್ನುತ್ತಾನೆ” ಎಂದು ಮರಾಠಿಯಲ್ಲಿ ಹೇಳಿದೆ. “ಎಲ್ಲರೂ ಹಾಗೇ ಅನ್ನುತ್ತಾರೆ” ಎಂದರು ಬರೆದುಕೊಳ್ಳುತ್ತಿದ್ದವರು. ನೀವು ನೋಡಿದಿರಾ ಎಂದು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ಭಾನುವಾರ ಬೇರೆ ಗುಂಪುಗಳವರೂ ಬಂದರು. ಒಬ್ಬರ ಹಿಂದೊಬ್ಬರು, ಮಾತಿಲ್ಲದೆ, ಗಂಟೆ ಬಾರಿಸದೆ ಆ ಜಾಗದವರೆಗೆ ತುಳಿದೆವು. ಹಳೆಯ ಸೈಕಲ್ಲೊಂದಕ್ಕೆ ಗಾಲಿಯಿಂದ ಸೀಟಿನವರೆಗೆ ಬಿಳಿ ಬಣ್ಣ ಬಳಿದು ಮರಕ್ಕೆ ಕಟ್ಟಿದರು. ಬಿಳಿ ಸೈಕಲ್ ಇಡುವ ಈ ರೂಢಿ 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಲ್ಲಿ ಶುರುವಾದದ್ದಂತೆ. ಮಾತಿಲ್ಲದ ಸವಾರಿ ಅದೇ ವರ್ಷ ಡಲ್ಲಾಸಿನಲ್ಲಿ, ಬಸ್ಸಿನ ಕನ್ನಡಿ ಬಡಿದು ಸತ್ತ ಸವಾರನೊಬ್ಬನಿಗಾಗಿ. ನನಗೆ ಮೊದಲು ಇದೇನು ನಾಟಕ ಅನ್ನಿಸಿತು. ತುಳಿಯುತ್ತಾ ಹೋದಂತೆ ಅರ್ಥವಾಯಿತು. ಇವರಿಗೂ ಸೂತಕ ಬೇಕಾಗಿತ್ತು. ಯಾವ ಪಂಚಾಂಗವೂ ಕೊಡದ ಸೂತಕವನ್ನು ಇವರು ತಾವೇ ಮಾಡಿಕೊಂಡರು.

ಆ ದಿನಗಳಲ್ಲಿ ಸುದ್ದಿ ಕೇಳಿದ ಪ್ರತಿಯೊಬ್ಬರೂ ಕೇಳಿದ್ದು ಒಂದೇ ರೀತಿ. ಹೆಲ್ಮೆಟ್ ಇತ್ತೇ? ಕತ್ತಲಲ್ಲಿ ಯಾಕೆ ಹೋದ? ಹೆದ್ದಾರಿಗೆ ಯಾಕೆ? ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಸತ್ತವನ ಒಂದು ತಪ್ಪು ಸಿಕ್ಕರೆ, ಆ ತಪ್ಪು ಮಾಡದ ನಾನು ಸಾಯುವುದಿಲ್ಲ ಎಂದು ಸಮಾಧಾನ. ನಮ್ಮ ದೇಶದಲ್ಲಿ 2022 ಒಂದೇ ವರ್ಷದಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅಷ್ಟೂ ಜನರಲ್ಲಿ ಒಂದೊಂದು ತಪ್ಪು ಹುಡುಕಿ ನಾವು ನಿದ್ದೆ ಮಾಡುತ್ತೇವೆ. ಇಲ್ಲಿ ಮಾತ್ರ ಕೇಳಿದವರಿಗೆ ಉತ್ತರ ಇತ್ತು, ಅದು ನನ್ನ ಹತ್ತಿರ ಇತ್ತು.

ನಮ್ಮ ಗುಂಪಿನಲ್ಲಿ ವಕೀಲರೊಬ್ಬರಿದ್ದಾರೆ. ಪರಿಹಾರದ ಲೆಕ್ಕ ವಿವರಿಸಿದರು. ಸುಪ್ರೀಂ ಕೋರ್ಟಿನ 2009ರ ತೀರ್ಪಿನಂತೆ, ಸ್ಥೂಲವಾಗಿ, ಸತ್ತವನ ವರ್ಷದ ಆದಾಯದಲ್ಲಿ ಅವನ ಸ್ವಂತ ಖರ್ಚು ಕಳೆಯಬೇಕು. ನೆಚ್ಚಿಕೊಂಡವರು ಇಬ್ಬರು ಮೂವರಿದ್ದರೆ ಮೂರರಲ್ಲೊಂದು ಪಾಲು. ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ನಲವತ್ತೊಂದರಿಂದ ನಲವತ್ತೈದರವರೆಗೆ ಗುಣಕ 14. ಹೆಂಡತಿ, ಶಾಲೆಗೆ ಹೋಗುವ ಮಗಳು, ಮುದುಕಿ ತಾಯಿ. ಅವರ ಮುಂದಿನ ಬದುಕೆಲ್ಲ ಹದಿನಾಲ್ಕರಿಂದ ಗುಣಿಸುವ ಒಂದು ಸಂಖ್ಯೆ. ಸತ್ತವನ ನಿರ್ಲಕ್ಷ್ಯವೂ ಇತ್ತೆಂದು ಸಾಬೀತಾದರೆ ಆ ಸಂಖ್ಯೆಯಲ್ಲಿ ಅಷ್ಟು ಪಾಲು ಕಡಿತ. “ಡ್ರೈವರ್ ದೀಪದ ಮಾತಾಡುತ್ತಾನೆ. ಸೈಕಲ್ ನುಚ್ಚುನೂರಾಗಿದೆ, ನೋಡಿದವರಿಲ್ಲ. ಸದ್ಯ ಅದು ನಿಲ್ಲುವುದಿಲ್ಲ” ಎಂದರು. ನಾನು ಅವರನ್ನು ಬೇರೆ ಕರೆದು, ನಾನು ನೋಡಿದ್ದೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕಾಕಾ, ಸುಳ್ಳು ಹೇಳಿ ಅನ್ನುವುದಿಲ್ಲ. ಕೇಳದಿದ್ದದ್ದನ್ನು ಹೇಳಬೇಕಾಗಿಲ್ಲ. ಅಪಘಾತದಲ್ಲಿ ನೆರವಿಗೆ ಬಂದವರನ್ನು ಸಾಕ್ಷಿಗೆ ಒತ್ತಾಯಿಸಬಾರದೆಂದು 2016ರಲ್ಲಿ ಕೋರ್ಟು ಹೇಳಿದೆ, 2019ರ ತಿದ್ದುಪಡಿಯಿಂದ ಕಾನೂನಿನಲ್ಲೂ ರಕ್ಷಣೆ ಇದೆ” ಎಂದರು.

ಸುಮ್ಮನಿರಲು ಕಾನೂನು ಅನುಮತಿ ಕೊಟ್ಟಿತ್ತು. ನಿದ್ದೆ ಮಾತ್ರ ಬರಲಿಲ್ಲ.

ನೀವು ಕೇಳಬಹುದು, ಇದರಲ್ಲಿ ಯೋಚಿಸುವುದೇನಿದೆ, ನಿಜ ಹೇಳಬೇಕು ಎಂದು. ಊರಲ್ಲಿ ಕೂತಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆನೇನೋ. ಆದರೆ ನನ್ನನ್ನೇ ಕೇಳಿಕೊಂಡೆ: ಡ್ರೈವರ್ ಮರಾಠಿ ಹುಡುಗನಾಗಿದ್ದರೆ, ನಿನ್ನ ಅಂತಃಕರಣ ಇಷ್ಟು ಚುಚ್ಚುತ್ತಿತ್ತೇ? ‘ಅರೀ’ ‘ಹೂಂರೀ’ ಎನ್ನುವ ನಮ್ಮ ಮಾತು ಕೇಳಿ ಕರಗಿದ್ದು ನಿಜವೋ, ನಿಜಕ್ಕಾಗಿ ಕರಗಿದ್ದೋ? ಇನ್ನೊಂದು ಕಡೆ, ಸುಮ್ಮನಿರಬೇಕು ಅನ್ನಿಸುವುದು ಗೆಳೆತನವೋ, ಈ ಪರಊರಲ್ಲಿ ಸಿಕ್ಕ ಇಪ್ಪತ್ತು ಜನರನ್ನು ಕಳೆದುಕೊಳ್ಳುವ ಭಯವೋ? ಅದರಡಿಯಲ್ಲಿ ಮೂರನೆಯದೂ ಇತ್ತು. ದೀಪದ ಮಾತು ಹೇಳಿದರೆ, ನೋಡಿದವನು ಅವನಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನನ್ನ ಮೇಲೇ ಬರುತ್ತಿತ್ತು.

ಬ್ಯಾಂಕಿನಲ್ಲಿ ಒಂದು ನಿಯಮವಿದೆ. ತನ್ನವರ ಖಾತೆಯ ವೋಚರನ್ನು ಅಧಿಕಾರಿ ತಾನೇ ಪಾಸು ಮಾಡಬಾರದು, ಇನ್ನೊಬ್ಬರ ಮುಂದೆ ಇಡಬೇಕು. ಅವನು ಕಳ್ಳನೆಂದಲ್ಲ, ತನ್ನವರ ವಿಷಯದಲ್ಲಿ ಯಾರ ಕಣ್ಣೂ ಸರಿಯಾಗಿ ಕಾಣುವುದಿಲ್ಲ ಎಂದು. ಇಲ್ಲಿ ಎರಡೂ ಖಾತೆ ನನ್ನವರದೇ. ಹಾಗಾದರೆ ಯಾರ ಮುಂದೆ ಇಡಲಿ?

ಮನೆಯಾಕೆಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಖರೇ ಹೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದರ ಅದರಿಂದ ಹೊಡ್ತ ಬೀಳೋದು ಯಾರಿಗೆ? ಆಕಿಗೆ. ಮೊದಲ ಆಕಿ ಮುಂದ ಕೂತು ಹೇಳ್ರಿ. ಪೊಲೀಸರ ಕಡಿಂದ ಆಕಿ ಕೇಳಬಾರದು.”

ಹದಿಮೂರು ದಿನ ಕಳೆದ ಮೇಲೆ ಇಬ್ಬರೂ ಹೋದೆವು. ಅವನ ಮನೆಯನ್ನು ಮೊದಲ ಸಲ ನೋಡಿದ್ದು ಆವತ್ತು. ಹೇಳಿದೆ. ಆ ಹೆಣ್ಣುಮಗಳು, “ನೀವೇ ನೋಡಿದಿರಾ?” ಎಂದಳು. ಹೌದೆಂದೆ. “ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ, ಕಾಕಾ?” ಎಂದಳು. ಚಹಾ ಕುಡಿಯುವಾಗ ಹೇಳೋಣ ಅಂದುಕೊಂಡಿದ್ದೆ ಎಂದೆ. ಆ ಮಾತು ಆ ಕೋಣೆಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಇಂದಿಗೂ ನೆನೆದರೆ ತಲೆ ತಗ್ಗುತ್ತದೆ. ಅವನ ತಾಯಿ ಎದ್ದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಆಕೆ ಕೇಳಿದಳು: “ಹೊಳೆಯುವ ಪಟ್ಟಿಯ ಜಾಕೀಟು ಇತ್ತಲ್ಲ ಮೈಮೇಲೆ? ಬಾಗಿಲಲ್ಲಿ ನಾನೇ ಕೊಟ್ಟಿದ್ದೆ.” ಇತ್ತು, ಕಾತ್ರಜ್‌ನಲ್ಲಿ ನೋಡಿದ್ದೇನೆ ಎಂದೆ.

“ಹಾಗಾದರೆ ಅದನ್ನೂ ಹೇಳಿ” ಎಂದಳು.

ನನಗೆ ಹೊಳೆಯದೇ ಇದ್ದದ್ದು ಇದೇ. ಇಷ್ಟು ದಿನ ನಿಜ ಹೇಳಬೇಕೋ ಬೇಡವೋ ಎಂದು ತೂಗುತ್ತಾ, ಅರ್ಧ ನಿಜವನ್ನೇ ಪೂರ್ತಿ ನಿಜವೆಂದುಕೊಂಡಿದ್ದೆ. ಖರ್ಚಿನ ಕಡೆ ಮಾತ್ರ ಬರೆದು ಜಮೆಯ ಕಡೆ ಬಿಟ್ಟ ಪುಸ್ತಕದಂತೆ. ಪೊಲೀಸರಿಗೆ ಎರಡನ್ನೂ ಹೇಳಿದೆ: ದೀಪ ಉರಿಯುತ್ತಿರಲಿಲ್ಲ, ಗಾಡಿಯ ಬೆಳಕು ಬಿದ್ದರೆ ದೂರದಿಂದಲೇ ಹೊಳೆಯುವ ಪಟ್ಟಿ ಮೈಮೇಲಿತ್ತು. ಹುಡುಗ ರಾತ್ರಿ ನಿದ್ದೆ ಮಾಡಿಲ್ಲವೆಂದು ನನ್ನೆದುರು ಹೇಳಿದ್ದನ್ನೂ ಸೇರಿಸಿದೆ. ಯಾರ ಪಾಲು ಎಷ್ಟೆಂದು ನಿರ್ಧರಿಸುವುದು ನ್ಯಾಯಾಲಯದ ಕೆಲಸ.

ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನ್ನ ಅನುಭವ ಹಾಗಿಲ್ಲ. ಗುಂಪಿನ ಇಬ್ಬರು ಮಾತು ಬಿಟ್ಟರು. “ಕೊನೆಗೂ ಕಾಕಾ ಕರ್ನಾಟಕದವರೇ” ಎಂದು ಒಬ್ಬರು ಅಂದದ್ದು ಕಿವಿಗೆ ಬಿತ್ತು. ಅದಕ್ಕಿಂತ ನೋವಾದದ್ದು ಆ ಹುಡುಗನ ಅಪ್ಪ ಊರಿಂದ ಫೋನು ಮಾಡಿ, “ನಮ್ಮವರು ಅಂತ ಉಳಿಸಿದ್ರಿ, ಪುಣ್ಯಾತ್ಮರು” ಎಂದಾಗ. ನಾನು ಯಾರನ್ನೂ ಉಳಿಸಲಿಲ್ಲ ಎಂದು ಫೋನಿಟ್ಟೆ.

ಆ ಮನೆಗೆ ನನ್ನಿಂದ ಆದ ಕೆಲಸವೆಂದರೆ ಪಾಸ್‌ಬುಕ್ ನೋಡಿದ್ದು. ಮೇ ತಿಂಗಳ ಕೊನೆಗೆ ಇಪ್ಪತ್ತು ರೂಪಾಯಿ ಖರ್ಚು ಬಿದ್ದಿತ್ತು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ ಹನ್ನೆರಡು ರೂಪಾಯಿಗೆ ಶುರುವಾದದ್ದು, 2022ರ ಜೂನಿನಿಂದ ಇಪ್ಪತ್ತು. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಎಫ್‌ಐಆರ್, ಶವಪರೀಕ್ಷೆಯ ವರದಿ, ನಾಮಿನಿಯ ಕಾಗದ ಜೋಡಿಸಿ ಅರ್ಜಿ ಕೊಡಿಸಿದೆ. ಓದುಗರು ತಮ್ಮ ಮನೆಯ ಪಾಸ್‌ಬುಕ್ಕುಗಳನ್ನೂ ಒಮ್ಮೆ ತೆರೆದು ನೋಡಲಿ, ನಾಮಿನಿ ಹೆಸರು ಬರೆದಿದೆಯೋ ಎಂದೂ ನೋಡಲಿ.

ಸೂತಕ ಎಂದರೆ ಮೈಲಿಗೆ ಎಂದಷ್ಟೇ ತಿಳಿದಿದ್ದೆ. ಈಗ ಅನ್ನಿಸುತ್ತದೆ, ಸತ್ತವನಿಗೆ ನಾವು ಮಾಡದೆ ಉಳಿಸಿದ ಕೆಲಸ ನೆನಪಾಗಲಿ ಎಂದು ಹಿರಿಯರು ಕೊಟ್ಟ ಬಿಡುವು ಅದು. ಊರಲ್ಲಿ ಹತ್ತು ದಿನಕ್ಕೆ ಸ್ನಾನ ಮಾಡಿ ಅದನ್ನು ಕಳೆದುಕೊಳ್ಳಬಹುದು. ಇಲ್ಲಿ ನನಗೆ ದಿನ ಎಣಿಸಿ ಕೊಡುವವರಿಲ್ಲ.

ಮೂರು ತಿಂಗಳ ನಂತರ ಮತ್ತೆ ಸೈಕಲ್ ಹೊರತೆಗೆದೆ. “ಹೋಗ್ತೀರೇನು ಮತ್ತ?” ಎಂದಳು ಮನೆಯಾಕೆ. ಹೂಂ ಎಂದೆ. ಮಾತು ಬಿಟ್ಟವರಲ್ಲಿ ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಇನ್ನೂ ಇಲ್ಲ. ಮರಕ್ಕೆ ಕಟ್ಟಿದ ಬಿಳಿ ಸೈಕಲ್ ಈಗ ಅಲ್ಲಿಲ್ಲ, ಯಾರು ಒಯ್ದರೋ. ಅದೇ ರಸ್ತೆ ಮುಂದೆ ಕೊಲ್ಹಾಪುರ, ಬೆಳಗಾವಿ ದಾಟಿ ನಮ್ಮ ಕಡೆಗೆ ಹೋಗುತ್ತದೆ. ಕಾತ್ರಜ್ ಚೌಕಿನಲ್ಲಿ ಹೊರಡುವ ಮುಂಚೆ ನಾನು ಪ್ರತಿಯೊಬ್ಬರ ಸೈಕಲ್ಲಿನ ಹಿಂದೆ ಹೋಗಿ ದೀಪ ನೋಡುತ್ತೇನೆ. ಹುಡುಗರಿಗೆ ಕಿರಿಕಿರಿ, ಮುದುಕನ ಚಾಳಿ ಎಂದು ನಗುತ್ತಾರೆ. ಉರಿಯದಿದ್ದರೆ ಅಲ್ಲಿಯೇ ಹೇಳುತ್ತೇನೆ. ಚಹಾದ ತನಕ ಕಾಯುವುದಿಲ್ಲ.